ಹೊಸ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡೋ ಗೇಮಿಂಗ್ ಸಾಧನ) ಬಂದ ಕೂಡಲೇ ಕೊಳ್ಳೋದಾ, ಕಾಯೋದಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಗೇಮರ್:
ಅಕ್ಕ ರಜಕ್ಕೆ ಅಮೆರಿಕದಿಂದ ಬರ್ತಿದ್ದಾರೆ. ನಿಂಟೆಂಡೊ ಸ್ವಿಚ್ 2 ತರಿಸ್ಲಾ, ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಓಎಲ್‌ಇಡಿ ತರಿಸ್ಲಾ, ಇಲ್ಲ ಇಲ್ಲೇ ಬಿಲ್ ಸಮೇತ ಅಸುಸ್‌ನ ಆರ್‌ಒಜಿ ಅಲೈ ತಗೊಳ್ಳಲಾ? ಒಂದು ವರ್ಷ ತಡೆದರೆ ಬೆಲೆ ಬಿದ್ದೇ ಬೀಳುತ್ತೆ ಅಂತ ಗೆಳೆಯರು ಹೇಳ್ತಾರೆ. ಬಳಸ್ತಿರೋರು, ರಿಪೇರಿ ಮಾಡೋರು ಸ್ವಲ್ಪ ತಿಳಿಸಿ.

ಲೆಕ್ಕದ ಪುಸ್ತಕ:
ಬೆಲೆ ಬೀಳುತ್ತೆ ಅನ್ನೋ ನಂಬಿಕೆಗೆ ದೊಡ್ಡ ಆಧಾರ ನಿಂಟೆಂಡೊದ ಹಳೇ ಹ್ಯಾಂಡ್‌ಹೆಲ್ಡ್ 3ಡಿಎಸ್. 2011ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 249.99 ಡಾಲರ್‌ಗೆ ಬಂತು. ಮಾರಾಟ ಏಳಲಿಲ್ಲ, ಆಗಸ್ಟ್ 12ಕ್ಕೆ 169.99 ಮಾಡಿದರು. ಮೊದಲೇ ಕೊಂಡವರ ಕೋಪ ತಣಿಸೋಕೆ 20 ಹಳೇ ಆಟ ಪುಕ್ಕಟೆ ಕೊಟ್ಟರು. ಅದು ನಿಂಟೆಂಡೊಗೆ ಕೈ ಸುಟ್ಟ ವರ್ಷ. ಅದನ್ನೇ ನಿಯಮ ಅಂದ್ಕೊಂಡ್ರೆ ಕೆಟ್ಟಿರಿ.

ಮೂಲ ಸ್ವಿಚ್ ನೋಡಿ. 2017ರ ಮಾರ್ಚ್ 3ಕ್ಕೆ 299.99 ಡಾಲರ್. ಎಂಟು ವರ್ಷ ಅಲ್ಲಾಡಲಿಲ್ಲ. 2025ರ ಆಗಸ್ಟ್‌ನಲ್ಲಿ ಇಳಿಯೋದಿರಲಿ, 339.99ಕ್ಕೆ ಏರಿತು. ಸ್ವಿಚ್ 2 ಅದೇ ವರ್ಷ ಜೂನ್ 5ಕ್ಕೆ 449.99 ಡಾಲರ್‌ಗೆ ಬಂದು ನಾಲ್ಕೇ ದಿನದಲ್ಲಿ 35 ಲಕ್ಷ ಹೋಯ್ತು. ಹೀಗೆ ಖಾಲಿಯಾಗೋ ಮಾಲಿಗೆ ಯಾರು ಬೆಲೆ ಇಳಿಸ್ತಾರೆ?

ಕಾಯೋದಾದ್ರೆ ಬೆಲೆಗಲ್ಲ, ತಿದ್ದಿದ ಮಾದರಿಗೆ ಕಾಯಿರಿ. 3ಡಿಎಸ್‌ಗೂ ಮುಂಚಿನ ಡಿಎಸ್ 2004ಕ್ಕೆ, ತಿದ್ದಿದ ಡಿಎಸ್ ಲೈಟ್ 2006ಕ್ಕೆ. ಸ್ವಿಚ್ 2017ಕ್ಕೆ ಬಂದು 2019ಕ್ಕೆ ಬ್ಯಾಟರಿ ಬಾಳಿಕೆ ಹೆಚ್ಚಾಯ್ತು. ಸ್ಟೀಮ್ ಡೆಕ್ 2022ರ ಫೆಬ್ರವರಿಗೆ, ಓಎಲ್‌ಇಡಿ 2023ರ ನವೆಂಬರ್‌ಗೆ, ಬ್ಯಾಟರಿ 40ರಿಂದ 50 ವಾಟ್-ಅವರ್‌ಗೆ ಏರಿತು. ಹೆಚ್ಚುಕಮ್ಮಿ ಎರಡು ವರ್ಷಕ್ಕೊಂದು ತಿದ್ದುಪಡಿ. ಡೆಕ್‌ಗೆ ಅದು ಆಗಿಹೋಗಿದೆ, ಸ್ವಿಚ್ 2ಕ್ಕೆ ಆಗಬೇಕಿದೆ.

ಇನ್ನೊಂದು, ಕಂಪನಿಯ ತ್ರೈಮಾಸಿಕ ವರದಿಯಲ್ಲಿ 'ಇಷ್ಟು ಮಾರಾಟ' ಅಂತ ಬಂದ್ರೆ ಸಾಮಾನ್ಯವಾಗಿ ಅದು ಅಂಗಡಿಗೆ ಹೋದ ಲೆಕ್ಕ, ಮನೆಗೆ ಹೋದದ್ದಲ್ಲ. ಸಂಖ್ಯೆಗಿಂತ ಕಂಪನಿ ಸಂಖ್ಯೆ ಕೊಡೋದು ನಿಲ್ಲಿಸೋದೇ ದೊಡ್ಡ ಸುಳಿವು. ತನ್ನ ಹ್ಯಾಂಡ್‌ಹೆಲ್ಡ್ ಪಿಎಸ್ ವೀಟಾದ ಅಂಕಿಯನ್ನ ಸೋನಿ ಅದಕ್ಕೂ ಹಳೇ ಪಿಎಸ್‌ಪಿ ಜೊತೆ ಕಲಸಿ ಕೊಡೋಕೆ ಶುರು ಮಾಡಿದಾಗಲೇ ಅದರ ಹಣೆಬರಹ ಗೊತ್ತಾಗಿತ್ತು.

ಬೆಂಚ್ ಮೇಲಿನ ಸೋಲ್ಡರ್:
ನಾನು ರಿಪೇರಿ ಕಡೆಯಿಂದ ಹೇಳ್ತೀನಿ. ಮೊದಲು ಕೈಕೊಡೋದು ಸ್ಟಿಕ್, ಅಂದ್ರೆ ಹೆಬ್ಬೆರಳಲ್ಲಿ ತಿರುಗಿಸೋ ಗುಬ್ಬಿ. ಮುಟ್ಟದೇ ಇದ್ರೂ ಪಾತ್ರ ತಾನಾಗೇ ಒಂದು ಕಡೆ ಜರುಗುತ್ತೆ. ಒಳಗಿರೋದು ಪೊಟೆನ್ಶಿಯೋಮೀಟರ್ (ಉಜ್ಜಿಕೊಂಡು ಸ್ಥಾನ ಅಳೆಯೋ ಭಾಗ), ಅದರ ಕಾರ್ಬನ್ ಪಟ್ಟಿ ಸವೆದಾಗ ತಪ್ಪು ರೀಡಿಂಗ್ ಕೊಡುತ್ತೆ. ಸ್ವಿಚ್ 2ರಲ್ಲೂ ಅದೇ ಜಾತಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿ. ಆಮೇಲೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ರಬ್ಬರ್ ಅಂಚಿನ ಕೆಳಗೆ ಬಿಟ್ಟು ಸ್ಟಿಕ್ ತಿರುಗಿಸಿ. ಧೂಳಾಗಿದ್ರೆ ಹೋಗುತ್ತೆ, ಸವೆತವಾಗಿದ್ರೆ ಮತ್ತೆ ಬರುತ್ತೆ. ಆಗ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸೋದೇ ವಾಸಿ. ಅದು ಅಯಸ್ಕಾಂತದಿಂದ ಓದುತ್ತೆ, ಉಜ್ಜಾಟ ಇಲ್ಲ. ಹಳೇ ಸ್ವಿಚ್‌ನ ಜಾಯ್-ಕಾನ್ (ಪಕ್ಕದ ಕಂಟ್ರೋಲರ್) ಬಿಚ್ಚೋಕೆ ಮೂರು ಕವಲಿನ ಟ್ರೈ-ವಿಂಗ್ ಸ್ಕ್ರೂಡ್ರೈವರ್ ಬೇಕು. ಹೆಚ್ಚು ಜನ ಹಾಳು ಮಾಡೋದು ರಿಬ್ಬನ್ ಕೇಬಲ್‌ನ ಚಿಕ್ಕ ಲ್ಯಾಚ್. ಅದನ್ನ ಎಳೀಬೇಡಿ, ಪ್ಲಾಸ್ಟಿಕ್ ತುದಿಯಿಂದ ಮೇಲಕ್ಕೆ ಎತ್ತಿ, ಆಮೇಲೆ ಕೇಬಲ್ ಸರಿಸಿ.

ಡೆಕ್‌ನ ಎಸ್‌ಎಸ್‌ಡಿ (ಒಳಗಿನ ಸ್ಟೋರೇಜ್) ಬದಲಿಸೋರಿಗೆ: ಹಿಂಬದಿ ತೆಗೆಯೋ ಮುಂಚೆ ಮೈಕ್ರೋ ಎಸ್‌ಡಿ ಕಾರ್ಡ್ ಹೊರಗೆ ತೆಗೀರಿ. ಬಿಟ್ಟು ಬಿಚ್ಚಿದ್ರೆ ಕಾರ್ಡ್ ಎರಡು ತುಂಡು. ಆಫ್ ಮಾಡಿ, ವಾಲ್ಯೂಮ್ ಪ್ಲಸ್ ಮತ್ತು ಪವರ್ ಒಟ್ಟಿಗೆ ಒತ್ತಿ ಬಯೋಸ್‌ಗೆ (ಓಎಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ಸ್ ಪರದೆಗೆ) ಹೋಗಿ ಬ್ಯಾಟರಿ ಸ್ಟೋರೇಜ್ ಮೋಡ್ ಹಾಕಿ. ಓಎಲ್‌ಇಡಿಗೆ ಟಿ6 ಟಾರ್ಕ್ಸ್ ಸ್ಕ್ರೂಡ್ರೈವರ್, ಹಳೇ ಎಲ್‌ಸಿಡಿಗೆ ಮಾಮೂಲಿ ಫಿಲಿಪ್ಸ್. ಎಸ್‌ಎಸ್‌ಡಿ 2230 ಅಳತೆಯದೇ ಆಗಬೇಕು. ಲ್ಯಾಪ್‌ಟಾಪ್‌ನ 2280 ಕೂರಲ್ಲ. ಹಳೆಯದರ ಮೇಲಿರೋ ಲೋಹದ ಕವಚ ಹೊಸದಕ್ಕೆ ತೊಡಿಸಿ, ಬಿಸಾಡಬೇಡಿ. ಪೆನ್‌ಡ್ರೈವ್‌ನಲ್ಲಿ ಸ್ಟೀಮ್ ಓಎಸ್ ರಿಕವರಿ ಇಮೇಜ್ (ಡೆಕ್‌ನ ಓಎಸ್ ಮತ್ತೆ ಹಾಕೋ ಫೈಲ್) ಮೊದಲೇ ರೆಡಿ ಇಟ್ಟುಕೊಳ್ಳಿ. ಅಲೈ ಹಳೇದು ತಗೊಳ್ಳೋದಾದ್ರೆ ಕಾರ್ಡ್ ಸ್ಲಾಟ್ ಪರೀಕ್ಷೆ ಮಾಡಿ. 2023ರ ಮಾದರಿಯಲ್ಲಿ ಶಾಖಕ್ಕೆ ಆ ರೀಡರ್ ಕೆಡೋದನ್ನ ಅಸುಸ್ಸೇ ಒಪ್ಪಿಕೊಂಡಿದೆ.

ಸೂಟ್‌ಕೇಸ್ ಸುಬ್ಬಿ:
ತರಿಸೋ ವಿಷಯ. ಸ್ವಿಚ್ 2 ಆಗಲಿ ಡೆಕ್ ಆಗಲಿ ಕಂಪನಿ ಇಲ್ಲಿ ಅಧಿಕೃತವಾಗಿ ಮಾರಲ್ಲ, ವಾರಂಟಿ ಅಲ್ಲೇ ಉಳೀತು. ಅಕ್ಕನಿಗೆ ಹೇಳಿ, ಅಲ್ಲೇ ಬಾಕ್ಸ್ ತೆಗೆದು ನಾಲ್ಕು ದಿನ ಓಡಿಸಲಿ, ವಾಪಸ್ ಅವಧಿ ಮುಗಿಯೋದ್ರೊಳಗೆ ಪರದೆ, ಸ್ಟಿಕ್, ವೈಫೈ ನೋಡಲಿ. ಲಿಥಿಯಂ ಬ್ಯಾಟರಿ, ಹಾಗಾಗಿ ಕ್ಯಾಬಿನ್ ಬ್ಯಾಗಿನಲ್ಲೇ ಇರಲಿ, ಬಿಲ್ ಜೊತೆಗಿರಲಿ. ಕಸ್ಟಮ್ಸ್ ಮಿತಿ ಹೊರಡೋ ವಾರದಲ್ಲಿ ಒಮ್ಮೆ ನೋಡಿಕೊಳ್ಳಿ.

ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್‌ನಲ್ಲಿ ಭಾರತ ಇಲ್ಲ. ಖಾತೆ ಅಮೆರಿಕದ್ದು ಮಾಡಿ, ಅಮೆರಿಕದ ಗಿಫ್ಟ್ ಕಾರ್ಡ್ ಹಾಕಿ. ನಮ್ಮ ಬ್ಯಾಂಕ್ ಕಾರ್ಡ್ ನಂಬಿ ಕೂರಬೇಡಿ. ಕಾರ್ಟ್ರಿಜ್ ಯಾವ ಪ್ರದೇಶದ್ದೋ ಅದೇ ಪ್ರದೇಶದ ಖಾತೆಯಿಂದ ಡಿಎಲ್‌ಸಿ (ಆಟಕ್ಕೆ ಸೇರಿಸೋ ಹೆಚ್ಚುವರಿ ಭಾಗ) ಕೊಳ್ಳಿ, ಇಲ್ದಿದ್ರೆ ಎಷ್ಟೋ ಆಟಕ್ಕೆ ಹತ್ತಲ್ಲ, ದುಡ್ಡು ಹೋಯ್ತು. ಜಪಾನ್‌ನಿಂದ ತರಿಸೋ ಆಸೆ ಇದ್ರೆ 2025ರಲ್ಲಿ 49,980 ಯೆನ್‌ಗೆ ಬಂದ ಅಗ್ಗದ ಮಾದರಿ ಮುಟ್ಟಬೇಡಿ, ಅದು ಜಪಾನಿ ಭಾಷೆಗೆ, ಜಪಾನ್ ಖಾತೆಗೆ ಕಟ್ಟಿಹಾಕಿದ್ದು.

ಹಳೇ ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲಿ ಸ್ವಿಚ್ 2 ಆಟ ಓಡಲ್ಲ, ಹೆಚ್ಚು ವೇಗದ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ಸೇ ಆಗಬೇಕು. ಒಳಗೆ 256 ಜಿಬಿ ಅಷ್ಟೇ. ಆಟದ ಡಬ್ಬಿ ಮೇಲೆ 'ಗೇಮ್-ಕೀ ಕಾರ್ಡ್' ಅಂತ ಪಟ್ಟಿ ಇದ್ರೆ ಅದ್ರಲ್ಲಿ ಆಟ ಇಲ್ಲ, ಬೀಗದ ಕೈ ಮಾತ್ರ. ಪೂರ್ತಿ ಡೌನ್‌ಲೋಡ್ ಮಾಡಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. ಡೆಕ್ ಬಳಸೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಈ ರಗಳೆ ಇಲ್ಲ: ರೂಪಾಯಿ ಬೆಲೆ, ಪಿಸಿಯಲ್ಲಿ ಕೊಂಡ ಆಟವೇ ಇಲ್ಲೂ.

ದಾವಣಗೆರೆ ಗೇಮರ್:
ಎಲ್ಲರಿಗೂ ಧನ್ಯವಾದ. ಹೇಳೋದು ಮರೆತೆ, ನಾನು ಜಾಸ್ತಿ ಆಡೋದು ವ್ಯಾಲೊರಂಟ್, ಫೋರ್ಟ್‌ನೈಟ್. ಹಾಗಾದ್ರೆ ಡೆಕ್ಕೇ ಸರಿ ಅಲ್ವಾ?

ಲೆಕ್ಕದ ಪುಸ್ತಕ:
ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ! ಡೆಕ್‌ನ ಸ್ಟೀಮ್ ಓಎಸ್‌ನಲ್ಲಿ ಎರಡೂ ಆಟ ಓಡಲ್ಲ, ಆಂಟಿ-ಚೀಟ್ (ಮೋಸ ತಡೆಯೋ ತಂತ್ರಾಂಶ) ಬಿಡಲ್ಲ. ಫೋರ್ಟ್‌ನೈಟ್‌ಗೆ ಅಲೈ ಸಾಕು, ಅದು ವಿಂಡೋಸ್. ಸ್ವಿಚ್ 2ರಲ್ಲೂ ಇದೆ. ಪಿಸಿ ವ್ಯಾಲೊರಂಟ್‌ಗೆ ಕಂಟ್ರೋಲರ್ ಬೆಂಬಲವೇ ಇಲ್ಲ, ಕೀಬೋರ್ಡ್ ಮೌಸ್ ಚುಚ್ಚಿಕೊಂಡು ಕೂರೋದಾದ್ರೆ ಹ್ಯಾಂಡ್‌ಹೆಲ್ಡ್ ಯಾಕೆ? ಅದೇ ಮುಖ್ಯ ಅಂದ್ರೆ ಅಕ್ಕನಿಗೆ ಏನೂ ಹೇಳಬೇಡಿ, ಆ ದುಡ್ಡಿಗೆ ಇಲ್ಲೇ ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ನೋಡಿ.