ಕ್ಯಾಲಿಬ್ರೇಶನ್ ತಂತ್ರಾಂಶ: ಮುಕ್ತ ನೆಲೆಯಲ್ಲೇ ಉಳಿಯಬೇಕೆ, ಖಾಸಗಿ ಪ್ಲಾಟ್‌ಫಾರ್ಮಿಗೆ ಹೋಗಬೇಕೆ?

ಪ್ರಶ್ನೆ (ಕೋಥ್ರೂಡ್, ಪುಣೆಯಿಂದ)

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಏಳು ಜನರ ಒಂದು ಸಣ್ಣ ತಂತ್ರಾಂಶ ಸಂಸ್ಥೆಯನ್ನು ಹದಿಮೂರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಭೋಸರಿ ಮತ್ತು ಚಾಕಣ್ ಕಡೆಯ ಮಷೀನ್ ಶಾಪ್‌ಗಳಿಗೆ, ಬೆಳಗಾವಿಯ ಕೆಲವು ಫೌಂಡ್ರಿಗಳಿಗೆ ಅಳತೆ ಸಾಧನಗಳ ಕ್ಯಾಲಿಬ್ರೇಶನ್ (ಸಾಧನ ಸರಿಯಾಗಿ ಅಳೆಯುತ್ತದೆಯೇ ಎಂದು ತಾಳೆ ನೋಡುವುದು) ದಾಖಲೆ ಇಡುವ ತಂತ್ರಾಂಶವೇ ನಮ್ಮ ಮುಖ್ಯ ಉತ್ಪನ್ನ. ಯಾವ ಮೈಕ್ರೋಮೀಟರು ಯಾವ ಯಂತ್ರದ ಬಳಿ ಇದೆ, ರಂಧ್ರದ ಅಳತೆ ನೋಡುವ ಯಾವ ಪ್ಲಗ್ ಗೇಜಿನ ಕ್ಯಾಲಿಬ್ರೇಶನ್ ಅವಧಿ ಎಂದು ಮುಗಿಯುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ವಾಹನ ಉದ್ಯಮದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949ರ ಆಡಿಟರ್ ಬಂದು ಒಂದು ಗೇಜಿನ ಸಂಖ್ಯೆ ಹೇಳಿದರೆ ಅದರ ಪ್ರಮಾಣಪತ್ರ ಕೂಡಲೇ ಪರದೆಯ ಮೇಲೆ ಬರಬೇಕು. ಇಡೀ ವ್ಯವಸ್ಥೆ ಜಾಂಗೊ (ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್‌ಕ್ಯೂಎಲ್ (ಡೇಟಾಬೇಸ್) ಎಂಬ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಗಳ ಮೇಲೆ ನಿಂತಿದೆ.

ಕಳೆದ ತಿಂಗಳು ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳಾದ ಸಹೋದ್ಯೋಗಿ, ಹೆಚ್ಚು ಕೋಡ್ ಬರೆಯದೆ ತಂತ್ರಾಂಶ ಕಟ್ಟಬಹುದಾದ ಒಂದು ಖಾಸಗಿ ಲೋ-ಕೋಡ್ ಪ್ಲಾಟ್‌ಫಾರ್ಮಿನಲ್ಲಿ ಗೇಜುಗಳ ಪಟ್ಟಿ, ಅವಧಿ ಮುಗಿಯುವ ಮುನ್ನ ಹೋಗಬೇಕಾದ ಸೂಚನೆ ಮತ್ತು ಮೇಲ್ವಿಚಾರಕರ ಒಪ್ಪಿಗೆ, ಈ ಮೂರನ್ನೂ ಎರಡು ದಿನದಲ್ಲಿ ಕಟ್ಟಿ ತೋರಿಸಿದಳು. ಇದೇ ಕೆಲಸಕ್ಕೆ ನಾವು ಹಿಂದೆ ಮೂರು ವಾರ ತೆಗೆದುಕೊಂಡಿದ್ದೆವು. ಗೇಜಿನ ಮೇಲೆ ಅಂಟಿಸಿದ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದರೆ ಓದಿಕೊಳ್ಳುವ ಸೌಲಭ್ಯವೂ ಅಲ್ಲಿ ಸಿದ್ಧವಾಗಿಯೇ ಇತ್ತು. ಚಾಕಣ್‌ನ ದೊಡ್ಡ ಗ್ರಾಹಕರೊಬ್ಬರು ಅದನ್ನು ನೋಡಿ, ಇನ್ನು ಮುಂದೆ ಹೀಗೆಯೇ ಮಾಡಿಕೊಡಿ ಎಂದಿದ್ದಾರೆ.

ನನಗೆ ಹಿಂಜರಿಕೆ ಇರುವುದು ಮುಖ್ಯವಾಗಿ ಬೆಳಗಾವಿಯ ಕೆಲಸಗಾರರ ವಿಷಯದಲ್ಲಿ. ಅವರಿಗೆ ನಾವು ಪರದೆಯನ್ನೂ ಪ್ರಮಾಣಪತ್ರವನ್ನೂ ಕನ್ನಡದಲ್ಲೇ ಕೊಡುತ್ತೇವೆ. ಆರಂಭದಲ್ಲಿ ಪಿಡಿಎಫ್‌ನಲ್ಲಿ ‘ಪತ್ರ’ ಎಂಬ ಪದ ‘ಪತ್‌ರ’ ಎಂದು ಅಚ್ಚಾಗುತ್ತಿತ್ತು. ಪಿಡಿಎಫ್ ಮಾಡಲು ನಾವು ಬಳಸುತ್ತಿದ್ದ ಲೈಬ್ರರಿಗೆ (ಸಿದ್ಧ ಕೋಡಿನ ಸಂಗ್ರಹ) ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಹಾರ್ಫ್‌ಬಝ್ ಎಂಬ ತಂತ್ರಾಂಶದ ಮೂಲಕ ಅಕ್ಷರ ಜೋಡಿಸುವ ವೀಸಿಪ್ರಿಂಟ್ ಎಂಬ ಇನ್ನೊಂದು ಲೈಬ್ರರಿಗೆ ಬದಲಾಗಿ, ಲೋಹಿತ್ ಕನ್ನಡ ಫಾಂಟ್ ಹಾಕಿದ ಮೇಲೆ ಅದು ಸರಿಹೋಯಿತು. ಈ ಹೊಸ ಪ್ಲಾಟ್‌ಫಾರ್ಮಿನ ಮೆನುಗಳಲ್ಲಿ ಕನ್ನಡವಿಲ್ಲ, ಸೇರಿಸುವ ದಾರಿಯೂ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕಡೆಯ ಕೊರತೆಯನ್ನೂ ಹೇಳಲೇಬೇಕು: ನಾವು ಇನ್ನೂ ಜಾಂಗೊ 2.2ರಲ್ಲೇ ಇದ್ದೇವೆ, ಅದಕ್ಕೆ ಭದ್ರತಾ ಪರಿಷ್ಕರಣೆ ನಿಂತದ್ದು 2022ರ ಏಪ್ರಿಲ್‌ನಲ್ಲಿ. ಇಂಥ ಸ್ಥಿತಿಯಲ್ಲಿ ಯಾವುದನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1 (ಮುಂಬಯಿ ಪಕ್ಕದ ಠಾಣೆಯಿಂದ)

ನ್ಹಾವಾ ಶೇವಾ ಬಂದರಿನ ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟರೊಬ್ಬರಿಗಾಗಿ ನಾವು 2019ರಲ್ಲಿ ಇಂಥದೇ ಒಂದು ಖಾಸಗಿ ಪ್ಲಾಟ್‌ಫಾರ್ಮಿನ ಮೇಲೆ ಕೆಲಸ ಮಾಡಿದ್ದೆವು. ಮೊದಲ ಎರಡು ವರ್ಷ ಯಾವ ದೂರೂ ಇರಲಿಲ್ಲ, ಕೆಲಸ ನಿಜಕ್ಕೂ ಬೇಗ ಆಯಿತು, ಏಜೆಂಟರೂ ಸಂತೋಷವಾಗಿದ್ದರು. ಮೂರನೆಯ ನವೀಕರಣದಲ್ಲಿ ಶುಲ್ಕ ಲೆಕ್ಕ ಹಾಕುವ ಕ್ರಮವೇ ಬದಲಾಯಿತು. ಅದುವರೆಗೆ ಕಚೇರಿಯಲ್ಲಿ ಕುಳಿತು ದಾಖಲೆ ತುಂಬುವವರಿಗೆ ಮಾತ್ರ ಇದ್ದ ಶುಲ್ಕ, ಬಂದರಿನ ಗೇಟಿನಲ್ಲಿ ನಿಂತು ದಿನಕ್ಕೆ ಎರಡು ಸಲ ‘ಕಂಟೇನರ್ ಹೊರಟಿತು’ ಎಂದು ಒತ್ತುವ ಹುಡುಗರಿಗೂ ತಲೆಗೊಂದರಂತೆ ಬಿತ್ತು.

ಹೊರಗೆ ಬರೋಣ ಎಂದು ನಿರ್ಧರಿಸಿದಾಗಲೇ ನಿಜವಾದ ಕಷ್ಟ ಗೊತ್ತಾದದ್ದು. ಡೇಟಾ ಎಲ್ಲಿ ಬೇಕಾದರೂ ತೆರೆಯಬಹುದಾದ ಸಿಎಸ್‌ವಿ ಪಟ್ಟಿ ಕಡತಗಳಾಗಿ ಸುಲಭವಾಗಿಯೇ ಬಂತು. ಬಾರದೆ ಉಳಿದದ್ದು ನಿಯಮಗಳು. ಯಾವ ಸರಕಿಗೆ ಯಾರ ಒಪ್ಪಿಗೆ ಮೊದಲು ಬೇಕು, ಮೊತ್ತ ಎಷ್ಟು ಮೀರಿದರೆ ಯಾರಿಗೆ ಹೋಗಬೇಕು ಎಂಬುದೆಲ್ಲ ಆ ಪ್ಲಾಟ್‌ಫಾರ್ಮಿನ ಚಿತ್ರಪಟಗಳಲ್ಲಿ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಎಳೆದ ಬಾಣಗಳ ರೂಪದಲ್ಲಿತ್ತು. ನಾನು ಮತ್ತು ಇನ್ನೊಬ್ಬ ಸಹೋದ್ಯೋಗಿ ಒಂಬತ್ತು ದಿನ ಕುಳಿತು ಒಂದೊಂದೇ ಪರದೆಯ ಚಿತ್ರ ತೆಗೆದು, ಮುದ್ರಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ಅರ್ಥ ಬರೆದುಕೊಂಡೆವು. ಐದು ವರ್ಷದ ಅನುಭವದಿಂದ ಆ ಏಜೆಂಟರು ಕಲಿತು ಹೇಳಿಕೊಟ್ಟ ತಿಳಿವಳಿಕೆ ಅದು, ಆದರೆ ಅದನ್ನು ಎತ್ತಿಕೊಂಡು ಹೋಗುವ ಅನುಕೂಲ ಅವರಿಗೇ ಇರಲಿಲ್ಲ. ಆದ್ದರಿಂದ ಗೇಜುಗಳ ಪಟ್ಟಿ ಹೊರಗೆ ಬರುತ್ತದೆಯೇ ಎಂದು ಕೇಳಿ ಸುಮ್ಮನಾಗಬೇಡಿ, ಒಪ್ಪಿಗೆಯ ನಿಯಮ ಓದಬಲ್ಲ ರೂಪದಲ್ಲಿ ಹೊರಗೆ ಬರುತ್ತದೆಯೇ ಎಂದು ನೋಡಿ.

ಉತ್ತರ 2 (ವಾಸ್ಕೊ, ಗೋವಾದಿಂದ)

ಮೇಲಿನವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಇನ್ನೊಂದು ಬದಿಯನ್ನು ಹೇಳಬೇಕೆನಿಸುತ್ತಿದೆ. ನಾನು ವೆರ್ಣಾದ ಒಂದು ಔಷಧ ಕಾರ್ಖಾನೆಯ ಐಟಿ ವಿಭಾಗದಲ್ಲಿದ್ದೇನೆ. ನಾವಿರುವುದು ಇಬ್ಬರೇ. ಅಮೆರಿಕಕ್ಕೆ ಔಷಧ ಕಳುಹಿಸುವವರು ವಿದ್ಯುನ್ಮಾನ ದಾಖಲೆಗಳ ವಿಷಯದಲ್ಲಿ ಅಲ್ಲಿನ 21 ಸಿಎಫ್‌ಆರ್ ಭಾಗ 11 ಎಂಬ ಸರ್ಕಾರಿ ನಿಯಮಕ್ಕೆ ಬದ್ಧರಾಗಿರಬೇಕು. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬ ಜಾಡು ಅಳಿಸಲಾಗದಂತೆ ಇರಬೇಕು, ತಂತ್ರಾಂಶ ಹೇಳಿದಂತೆ ನಡೆಯುತ್ತದೆ ಎಂಬುದನ್ನು ಕಾಗದದ ಮೇಲೆ ಸಾಬೀತು ಮಾಡಬೇಕು. ಖಾಸಗಿ ಮಾರಾಟಗಾರರು ಈ ಪರೀಕ್ಷಾ ದಾಖಲೆಗಳ ಬಹುಭಾಗವನ್ನು ಸಿದ್ಧಪಡಿಸಿಯೇ ಕೊಡುತ್ತಾರೆ. ಮುಕ್ತ ತಂತ್ರಾಂಶದಲ್ಲಿ ಆ ಹೊರೆಯೆಲ್ಲ ನಮ್ಮ ಇಬ್ಬರ ಹೆಗಲ ಮೇಲೆಯೇ.

2021ರ ಡಿಸೆಂಬರ್‌ನಲ್ಲಿ, ಅಸಂಖ್ಯ ತಂತ್ರಾಂಶಗಳೊಳಗಿರುವ ಲಾಗ್‌ಫೋರ್‌ಜೆ ಎಂಬ ಮುಕ್ತ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ ನಾವಿಬ್ಬರೂ ಶನಿವಾರ, ಭಾನುವಾರ ಎನ್ನದೆ ಪ್ರತಿ ಸರ್ವರಿನಲ್ಲೂ ಅದನ್ನು ಹುಡುಕಿದೆವು. ಖಾಸಗಿ ಉತ್ಪನ್ನಗಳ ಹೊಟ್ಟೆಯಲ್ಲೂ ಅದೇ ಲೈಬ್ರರಿ ಇತ್ತೆಂಬುದು ನಿಜ. ಆದರೆ ಅಲ್ಲಿ ಪರಿಷ್ಕರಣೆ ಕಳುಹಿಸುವ ಹೊಣೆ ಒಬ್ಬರಿಗಿತ್ತು, ದೂರವಾಣಿ ಮಾಡಿ ಕೇಳಲು ಒಬ್ಬ ಮನುಷ್ಯರಿದ್ದರು. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದೊಳಗೆ ಯಾರೋ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಸೇರಿಸಿದ್ದು ಪತ್ತೆಯಾದದ್ದು, ದೂರದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಮಾಡುವ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ. ಎಕ್ಸ್‌ಝಡ್‌ನಂಥ ತಂತ್ರಾಂಶದ ಭಾರವನ್ನು ಅದುವರೆಗೆ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಜಾಂಗೊ 2.2ರಲ್ಲೇ ನಿಂತಿರುವ ನಿಮ್ಮ ತಂತ್ರಾಂಶವನ್ನು, ದಯವಿಟ್ಟು ತಪ್ಪು ತಿಳಿಯಬೇಡಿ, ನಮ್ಮ ಕಾರ್ಖಾನೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಉತ್ತರ 3 (ಪಾಷಾಣ್, ಪುಣೆಯಿಂದ)

ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ‘ಮುಕ್ತ’ ಮತ್ತು ‘ಖಾಸಗಿ’ ಎಂಬ ಎರಡೇ ಗೂಡುಗಳಲ್ಲಿ ಎಲ್ಲವನ್ನೂ ಹಾಕಿದರೆ ಉತ್ತರ ಸಿಗಲಾರದು ಎಂದು ನನಗನ್ನಿಸುತ್ತದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು (ಕರ್ನಲ್) ಬರೆಯುವ ತಂಡ 2002ರಿಂದ, ಕೋಡಿನ ಬದಲಾವಣೆಗಳ ಇತಿಹಾಸ ಇಡಲು ಬಿಟ್‌ಕೀಪರ್ ಎಂಬ ಖಾಸಗಿ ಉಪಕರಣವನ್ನು ಬಳಸುತ್ತಿತ್ತು. 2005ರಲ್ಲಿ ಅದರ ಉಚಿತ ಪರವಾನಗಿ ಹಿಂದಕ್ಕೆ ಹೋದಾಗ, ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅದೇ ಕೆಲಸಕ್ಕೆ ಕೆಲವೇ ದಿನಗಳಲ್ಲಿ ಗಿಟ್ ಎಂಬ ಮುಕ್ತ ಉಪಕರಣ ಬರೆದು ನಿಲ್ಲಿಸಿದರು. ಅದೇ ಗಿಟ್‌ನ ಸುತ್ತ ಕಟ್ಟಿದ, ಕೋಡ್ ಇಡುವ ತಾಣವಾದ ಗಿಟ್‌ಹಬ್ಬನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡಿತು. ಇಂದು ಅಲ್ಲಿಂದ ಹೊರಡುವವರು ಕೋಡಿನ ಇತಿಹಾಸವನ್ನು ಒಂದೇ ಆಜ್ಞೆಯಲ್ಲಿ ಎತ್ತಿಕೊಳ್ಳಬಹುದು. ವರ್ಷಗಳ ಚರ್ಚೆ, ದೋಷವರದಿ, ತಾನಾಗಿ ನಡೆಯುವ ಪರೀಕ್ಷೆಗಳ ಏರ್ಪಾಡು ಅಷ್ಟು ಸಲೀಸಾಗಿ ಜೊತೆಗೆ ಬರುವುದಿಲ್ಲ. ಕೋಡ್ ಬರೆಯಲು ಬಳಸುವ, ಮೈಕ್ರೋಸಾಫ್ಟಿನ ವಿಎಸ್ ಕೋಡ್‌ನ ಸ್ಥಿತಿಯೂ ಹೀಗೆಯೇ: ಸೋರ್ಸ್ ಕೋಡಿಗೆ ಎಂಐಟಿ ಎಂಬ ಮುಕ್ತ ಪರವಾನಗಿ, ನಾವು ಇಳಿಸಿಕೊಳ್ಳುವ ಸಿದ್ಧರೂಪಕ್ಕೆ ಬೇರೆ ಪರವಾನಗಿ, ಅದರ ವಿಸ್ತರಣೆಗಳ ಅಂಗಡಿಗೆ ಮತ್ತೊಂದು ಷರತ್ತು. ಸ್ಪರ್ಧೆ ಈಗ ಕೋಡಿನ ಮಟ್ಟದಲ್ಲಿ ನಡೆಯುತ್ತಿಲ್ಲ, ಕೋಡಿನ ಸುತ್ತಲಿನ ಅನುಕೂಲಗಳಲ್ಲಿ ನಡೆಯುತ್ತಿದೆ. ನಿಮ್ಮ ಸಹೋದ್ಯೋಗಿ ಎರಡು ದಿನದಲ್ಲಿ ಕಟ್ಟಿದ್ದು ಆ ಅನುಕೂಲದಿಂದಲೇ, ಅದನ್ನು ಹಗುರವಾಗಿ ಕಾಣಬಾರದು.

ಮುಕ್ತ ತಂತ್ರಾಂಶದಲ್ಲೂ ಒಡೆಯ ಯಾರೆಂದು ನೋಡಬೇಕು. ಒಂದೇ ಕಂಪನಿಯ ಹಿಡಿತದಲ್ಲಿದ್ದ ಟೆರಾಫಾರ್ಮ್ (ಸರ್ವರುಗಳನ್ನು ಅಣಿಗೊಳಿಸುವ ಉಪಕರಣ) 2023ರ ಆಗಸ್ಟ್‌ನಲ್ಲಿ ಮುಕ್ತ ಪರವಾನಗಿ ಬಿಟ್ಟು ಬೇರೆ ಪರವಾನಗಿಗೆ ಬದಲಾಯಿತು, ರೆಡಿಸ್ (ಒಂದು ಡೇಟಾಬೇಸ್) 2024ರ ಮಾರ್ಚ್‌ನಲ್ಲಿ. ಆದರೆ ಹಳೆಯ ಆವೃತ್ತಿಗಳು ಮುಕ್ತವಾಗಿದ್ದುದರಿಂದಲೇ ಅವುಗಳಿಂದ ಓಪನ್‌ಟೋಫು ಮತ್ತು ವ್ಯಾಲ್ಕೀ ಎಂಬ ಸ್ವತಂತ್ರ ಮುಕ್ತ ತಂತ್ರಾಂಶಗಳು ಕವಲೊಡೆದು, ಬಳಕೆದಾರರಿಗೆ ನಿಲ್ಲಲು ನೆಲ ಸಿಕ್ಕಿತು. ಖಾಸಗಿ ಪ್ಲಾಟ್‌ಫಾರ್ಮಿನಲ್ಲಿ ಈ ಕವಲಿನ ಬಾಗಿಲೇ ಇಲ್ಲ. ನೀವು ನಂಬಿರುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ, ಅದರ ಪ್ರತಿ ಮುಖ್ಯ ಆವೃತ್ತಿಗೆ ಐದು ವರ್ಷ ಪರಿಷ್ಕರಣೆ ದೊರೆಯುತ್ತದೆ. ಮುಕ್ತ ತಂತ್ರಾಂಶ ಮಾಡಿ ಬದುಕಲಾಗದೆಂದು ಯಾರಾದರೂ ಹೇಳಿದರೆ ದೂರ ಹೋಗಬೇಕಾಗಿಲ್ಲ. ಮುಂಬಯಿಯ ಫ್ರಾಪೆ ಸಂಸ್ಥೆ ವ್ಯವಹಾರ ನಿರ್ವಹಣೆಯ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್ ಅನ್ನು ಜಿಪಿಎಲ್ 3 ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟೂ, ಅದನ್ನು ನಡೆಸಿಕೊಡುವ ಸೇವೆಯಿಂದ ಸಂಪಾದಿಸುತ್ತಿದೆ.

ನನ್ನ ಸಲಹೆ ಇಷ್ಟೇ. ಕಳೆದುಹೋದರೂ ಎರಡು ದಿನದಲ್ಲಿ ಮತ್ತೆ ಕಟ್ಟಬಹುದಾದ ಭಾಗವನ್ನು ಆ ಪ್ಲಾಟ್‌ಫಾರ್ಮಿನಲ್ಲಿ ಇಡಿ. ಕ್ಯಾಲಿಬ್ರೇಶನ್ ಇತಿಹಾಸ, ಒಪ್ಪಿಗೆಯ ನಿಯಮ, ಕನ್ನಡದ ಪ್ರಮಾಣಪತ್ರ, ಇವು ನಿಮ್ಮಲ್ಲೇ ಇರಲಿ. ಉಳಿಸಿಕೊಳ್ಳುವುದಾದರೆ ವರ್ಷಕ್ಕೆ ಇಷ್ಟು ದಿನ ನಿರ್ವಹಣೆಗೆಂದೇ ಎತ್ತಿಡಿ, ಅದರ ಹಣವನ್ನು ಗ್ರಾಹಕರ ಬಿಲ್ಲಿನಲ್ಲಿ ಸ್ಪಷ್ಟವಾಗಿ ತೋರಿಸಿ ಕೇಳಿ. ವಾಸ್ಕೊದವರು ಎತ್ತಿದ ಆಕ್ಷೇಪಕ್ಕೆ ನನಗೆ ತಿಳಿದಂತೆ ಬೇರೆ ಪರಿಹಾರವಿಲ್ಲ.

ಪ್ರಶ್ನೆ ಕೇಳಿದವರಿಂದ (ಹನ್ನೆರಡು ದಿನಗಳ ನಂತರ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಠಾಣೆಯವರು ಹೇಳಿದಂತೆ, ನಮ್ಮ ಸಹೋದ್ಯೋಗಿಯನ್ನೇ ಕೂರಿಸಿಕೊಂಡು ಒಪ್ಪಿಗೆಯ ನಿಯಮಗಳನ್ನು ಹೊರತೆಗೆಯಲು ನೋಡಿದೆವು. ಒಂದು ಕಡತ ಬಂತು, ಆದರೆ ಅದೇ ಪ್ಲಾಟ್‌ಫಾರ್ಮ್ ಬಿಟ್ಟು ಬೇರೆಲ್ಲೂ ತೆರೆಯಲಾಗದ ಕಡತ ಅದು. ಅವಳೇ ಅದನ್ನು ನೋಡಿ, ಈ ಭಾಗ ಇಲ್ಲಿ ಬೇಡ ಸರ್ ಎಂದಳು.

ಚಾಕಣ್‌ನ ಗ್ರಾಹಕರಿಗೆ ಕ್ಯೂಆರ್ ಓದುವ ಪರದೆಯನ್ನು ಪ್ಲಾಟ್‌ಫಾರ್ಮಿನಲ್ಲೇ ಕೊಡುತ್ತೇವೆ. ಅದು ಸಂಖ್ಯೆಯನ್ನು ಓದಿ ನಮ್ಮ ಸರ್ವರಿಗೆ ಕಳುಹಿಸುತ್ತದೆ, ದಾಖಲೆ ನಮ್ಮ ಡೇಟಾಬೇಸಿನಲ್ಲೇ ಉಳಿಯುತ್ತದೆ. ಅವರು ಇದಕ್ಕೆ ಒಪ್ಪಿದ್ದಾರೆ, ನಿರ್ವಹಣೆಯ ಸಾಲು ಬಿಲ್ಲಿನಲ್ಲಿ ಬಂದದ್ದಕ್ಕೆ ಸ್ವಲ್ಪ ಚೌಕಾಸಿಯೂ ಆಯಿತು. ಜಾಂಗೊವನ್ನು 2.2ರಿಂದ 3.2ಕ್ಕೆ, ಅಲ್ಲಿಂದ 4.2ಕ್ಕೆ, ಕೊನೆಗೆ 5.2ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕೆಲಸ ಸೋಮವಾರ ಆರಂಭವಾಗಿದೆ. ಬೆಳಗಾವಿಗಾಗಿ ಮಾಡಿದ ಕನ್ನಡ ಅನುವಾದದ ಕಡತವನ್ನೂ ಪ್ರಮಾಣಪತ್ರದ ಮಾದರಿಯನ್ನೂ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಬೇಕೆಂದಿದ್ದೇವೆ. ‘ಕ್ಯಾಲಿಬ್ರೇಶನ್’ ಎಂಬುದಕ್ಕೆ ನಾವು ‘ಅಳತೆ ತಾಳೆ’ ಎಂದು ಬಳಸಿದ್ದೇವೆ. ಫೌಂಡ್ರಿಯಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ, ಈ ಪದ ಅಲ್ಲಿನವರ ಬಾಯಿಗೆ ಹೊಂದುತ್ತದೆಯೇ ಎಂದು ದಯವಿಟ್ಟು ತಿಳಿಸಿ.