ಇಂಗ್ಲಿಷ್ ಅಲಂಕಾರ, ವ್ಯಾಕರಣ: ಮಗಳಿಗೆ ಮನೆಯಲ್ಲಿ ಪುನರಾವರ್ತನೆ ಮಾಡಿಸುವುದು ಹೇಗೆ?

ಕೇಳಿದವರು: ಕಾಪುವಿನ ತಾಯಿ

ಮಗಳು 10ನೇ ತರಗತಿ. ಪ್ರಥಮ ಭಾಷೆ ಕನ್ನಡ, ದ್ವಿತೀಯ ಭಾಷೆ ಇಂಗ್ಲಿಷ್. ಸಿಮಿಲಿ (ಉಪಮೆ), ಮೆಟಫರ್ (ರೂಪಕ), ಅಲಿಟರೇಷನ್ (ಪದಗಳ ಮೊದಲಲ್ಲಿ ಒಂದೇ ಧ್ವನಿ ಮರಳುವುದು) ಎಲ್ಲದರ ಲಕ್ಷಣವೂ ಬಾಯಿಪಾಠ ಇದೆ. ಆದರೆ ಹೊಸ ಸಾಲು ಕೊಟ್ಟರೆ ಯಾವುದೆಂದು ಹೇಳಲು ತಡವರಿಸುತ್ತಾಳೆ. ವ್ಯಾಕರಣವೂ ಹಾಗೆಯೇ. ಒಂದೊಂದೇ ಅಭ್ಯಾಸ ಕೊಟ್ಟರೆ ಸರಿ, ಬೆರೆಸಿ ಕೊಟ್ಟರೆ ಗೊಂದಲ. ಪರೀಕ್ಷೆ ಹತ್ತಿರ ಬಂತು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮಂಗಳೂರಿನ ನಿವೃತ್ತ ಇಂಗ್ಲಿಷ್ ಅಧ್ಯಾಪಕಿ

ನಿಮ್ಮ ಮಗಳು ಕನ್ನಡದಲ್ಲಿ ಅಲಂಕಾರ ಓದಿದ್ದಾಳೆ, ಅದನ್ನೇ ಬಳಸಿಕೊಳ್ಳಿ. 9ನೇ ಶತಮಾನದ ಕವಿರಾಜಮಾರ್ಗವೇ ಶಬ್ದಾಲಂಕಾರ ಬೇರೆ, ಅರ್ಥಾಲಂಕಾರ ಬೇರೆ ಎಂದು ವಿಂಗಡಿಸಿದೆ. ಇಂಗ್ಲಿಷ್ ಸಾಲು ಕೈಗೆ ಬಂದಾಗಲೂ ಮೊದಲು ಕೇಳಬೇಕಾದದ್ದು ಇಷ್ಟೇ: ಸೊಗಸು ಇರುವುದು ಕಿವಿಗೋ, ಅರ್ಥಕ್ಕೋ? ಕಿವಿಗಾದರೆ ಅಲಿಟರೇಷನ್, ಆನಮಟೊಪಿಯಾ (ಸದ್ದನ್ನೇ ಅನುಕರಿಸುವ ಪದ). ಅರ್ಥಕ್ಕಾದರೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್ (ಮನುಷ್ಯರಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವುದು). ಗೊಂದಲದ ಅರ್ಧ ಅಲ್ಲಿಯೇ ಕಳೆಯುತ್ತದೆ.

ಅಲಿಟರೇಷನ್‌ಗೆ ನನ್ನ ತರಗತಿಯಲ್ಲಿ ತುಂಬ ಫಲ ಕೊಟ್ಟ ಉಪಾಯವೊಂದಿದೆ. ಇಂಗ್ಲಿಷ್ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆಸಿ. ‘ನೈಫ್’, ‘ಕೈಟ್’ ಎರಡೂ ಇಂಗ್ಲಿಷಿನಲ್ಲಿ ‘ಕೆ’ ಅಕ್ಷರದಿಂದಲೇ ಶುರುವಾಗುತ್ತವೆ, ಮಕ್ಕಳು ಅಲಿಟರೇಷನ್ ಎಂದುಬಿಡುತ್ತಾರೆ. ಕನ್ನಡದಲ್ಲಿ ಬರೆದರೆ ನಕಾರ, ಕಕಾರ ಬೇರೆ ಬೇರೆ ಎಂದು ಕಣ್ಣಿಗೇ ಕಾಣುತ್ತದೆ. ‘ಫೋನ್’, ‘ಫೈರ್’ ಅಕ್ಷರದಲ್ಲಿ ಬೇರೆ, ಧ್ವನಿಯಲ್ಲಿ ಒಂದೇ. ಲೆಕ್ಕಕ್ಕೆ ಬರುವುದು ಧ್ವನಿ.

ಸಿಮಿಲಿಯಲ್ಲಿ ‘ಲೈಕ್’ ಕಂಡ ಕೂಡಲೇ ಉತ್ತರ ಬರೆಯಲು ಬಿಡಬೇಡಿ. ‘ಶೀ ಲುಕ್ಸ್ ಲೈಕ್ ಹರ್ ಮದರ್’ ಸಿಮಿಲಿ ಅಲ್ಲ. ಮಗಳನ್ನು ತಾಯಿಗೆ ಹೋಲಿಸಿದ್ದು ಇದ್ದದ್ದನ್ನು ಇದ್ದಂತೆ ಹೇಳಿದ್ದು. ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು) ಒಂದು ಜಾತಿ, ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು) ಇನ್ನೊಂದು ಜಾತಿ ಆಗಿರಬೇಕು.

ವ್ಯಾಕರಣದಲ್ಲಿ ನಮ್ಮ ಮಕ್ಕಳು ಎಡವುವುದು ಬಹುತೇಕ ಕನ್ನಡದ ಜಾಡಿನಲ್ಲಿ. ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎನ್ನುವಾಗ ನಾವು ಆಡಿದ ಮಾತನ್ನು ಹಾಗೆಯೇ ಇಟ್ಟು ‘ಎಂದು’ ಸೇರಿಸುತ್ತೇವೆ. ಅದೇ ಅಭ್ಯಾಸದಲ್ಲಿ ‘ಹೀ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ‘ಐ’ ಹೋಗಿ ‘ಹೀ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’ ಆಗಬೇಕು. ಯಾರು, ಯಾವಾಗ ಎಂಬ ಎರಡು ಪ್ರಶ್ನೆ ಕೇಳಿಕೊಂಡೇ ವಾಕ್ಯ ಬದಲಿಸಲಿ. ಕ್ವೆಶ್ಚನ್ ಟ್ಯಾಗ್ (ವಾಕ್ಯದ ಕೊನೆಗೆ ಸೇರಿಸುವ ಕಿರುಪ್ರಶ್ನೆ) ಕೂಡ ಇಂಥದೇ. ನಮಗೆ ಎಲ್ಲದಕ್ಕೂ ‘ಅಲ್ಲವೇ’ ಸಾಕು. ಅಲ್ಲಿ ವಾಕ್ಯದ ಕ್ರಿಯಾಪದ ನೋಡಿ ಬಾಲ ಕಟ್ಟಬೇಕು.

ಬೆರೆಸಿದ ಅಭ್ಯಾಸಕ್ಕೆ ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳೇ ಸಾಕು. ಉತ್ತರ ಬರೆಯುವ ಮೊದಲು ‘ಇಲ್ಲಿ ಕೇಳಿರುವುದು ಏನು’ ಎಂದು ಬಾಯಿಬಿಟ್ಟು ಹೇಳಿಸಿ.

ಬ್ರಹ್ಮಾವರದ ತಂದೆ

ಟೀಚರ್ ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಭಾಷಣ ಬರೆಯುವ ಪ್ರಶ್ನೆಗೆ ಮಗನನ್ನು ತಾಳಮದ್ದಲೆಗೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕರೆದುಕೊಂಡು ಹೋದೆ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ನಮ್ಮ ಕಡೆ ಕೂಟಗಳಿಗೆ ಕೊರತೆಯಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನು ಕೇಳುವಾಗ ಅವನಿಗೆ ಉತ್ತರ ಬೇಕಾಗಿಲ್ಲ, ಸಭೆ ಅವನ ಪರ ವಾಲಬೇಕು. ರೆಟರಿಕಲ್ ಕ್ವೆಶ್ಚನ್ ಎಂದರೆ ಅದೇ ಎಂದು ಮಗನಿಗೆ ಆ ಕ್ಷಣಕ್ಕೇ ಹೊಳೆಯಿತು. ಕೇಳುವವರ ಮನವೊಲಿಸಲು ಅರಿಸ್ಟಾಟಲ್ ಹೇಳಿದ ಮೂರು ದಾರಿಗಳೂ ಅಲ್ಲಿವೆ: ಮಾತನಾಡುವವನ ಯೋಗ್ಯತೆ, ಕೇಳುವವರ ಭಾವನೆ, ವಾದದ ತರ್ಕ. ಅರ್ಥಧಾರಿ (ಪಾತ್ರವಾಗಿ ಮಾತನಾಡುವ ಕಲಾವಿದ) ಯಾವಾಗ ಯಾವುದನ್ನು ಹಿಡಿದ ಎಂದು ಮನೆಗೆ ಬರುತ್ತಾ ಮಾತನಾಡಿದೆವು. ಪರೀಕ್ಷೆ ಹತ್ತಿರವಿದ್ದರೆ ರಾತ್ರಿಯ ಕೂಟಕ್ಕೆ ಹೋಗುವುದು ಬೇಡ, ಧ್ವನಿಮುದ್ರಣ ಕೇಳಿಸಿದರೂ ನಡೆಯುತ್ತದೆ.

ಉಳ್ಳಾಲದ ಪದವಿ ವಿದ್ಯಾರ್ಥಿನಿ

ಅಕ್ಕ, ಗುರುತಿಸುವುದಕ್ಕಿಂತ ಬರೆಯುವುದರಿಂದ ಬೇಗ ಕಲಿಯಬಹುದು. ವಿಷಯ ಒಂದೇ ಇರಲಿ, ಅಲಂಕಾರ ಮಾತ್ರ ಬದಲಾಗಲಿ. ನಾನು ನಮ್ಮ ಊರಿನ ಕಡಲ್ಕೊರೆತವನ್ನೇ ತೆಗೆದುಕೊಂಡಿದ್ದೆ. ‘ದ ಸೀ ರೋರ್ಡ್ ಲೈಕ್ ಎ ಲಯನ್’ ಸಿಮಿಲಿ. ‘ದ ಸೀ ವಾಸ್ ಎ ಲಯನ್’ ಮೆಟಫರ್. ‘ದ ಆ್ಯಂಗ್ರಿ ಸೀ ಡಿಮಾಂಡೆಡ್ ಅವರ್ ರೋಡ್’ ಎಂದರೆ ಕಡಲಿಗೆ ಮನುಷ್ಯರ ಸಿಟ್ಟು, ಹಟ ಎರಡೂ ಬಂತು, ಪರ್ಸಾನಿಫಿಕೇಷನ್. ಪ್ರತಿ ಸಾಲಿನ ಕೆಳಗೆ ಆ ಅಲಂಕಾರದಿಂದ ಏನಾಯಿತು ಎಂದು ಒಂದು ವಾಕ್ಯ ಬರೆಯಲಿ. ಪದವಿಯಲ್ಲಿ ಇಂಗ್ಲಿಷ್ ತೆಗೆದುಕೊಂಡರೆ ಹೆಸರಿಗಿಂತ ಆ ವಾಕ್ಯವನ್ನೇ ಹೆಚ್ಚು ಕೇಳುತ್ತಾರೆ. ಮಗಳು ಬರೆದ ಸಾಲುಗಳನ್ನು ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.