ಇಂಥಾ ಹುಚ್ಚು ಸಿನಿಮಾಕ್ಕ ನಗು ಯಾಕ ಬರ್ತದ?

ಕಲಬುರಗಿ ಮಂದಿ: 1994ರ ಹಾಲಿವುಡ್ ನಗೆ ಸಿನಿಮಾ 'ಡಂಬ್ ಅಂಡ್ ಡಂಬರ್' ನಿನ್ನಿ ರಾತ್ರಿ ಮತ್ತ ನೋಡ್ದೆ. ಜುಲಾಬಿನ ಔಷಧ ಹೊಟ್ಟಿಗಿ ಹೋಗಿ ಜೆಫ್ ಡೇನಿಯಲ್ಸ್ ಸಂಡಾಸದಾಗ ಒದ್ದಾಡೋ ಸೀನಿಗಿ ಬಾಯಾಗಿನ ಚಹಾ ಹೊರಗ ಬಂತು. ನಮ್ಮಾಕಿ "ಏನ್ ಹೊಲಸು ನೋಡ್ತೀರಿ" ಅಂತ ಎದ್ದು ಹೋದ್ಳು. ಎಂ.ಎ. ಓದಿದಾವಗೂ ಇದ್ಯಾಕ ಹಿಡಸ್ತದ್ರಿ?

ಬೀದರಿನವ: ಛಲೋ ನಟರು ನಗಂಗಿಲ್ಲ ನೋಡ್ರಿ, ಅದಕ್ಕ. ಲೆಸ್ಲಿ ನೀಲ್ಸನ್ ಮೊದಲ ಗಂಭೀರ ಪಾತ್ರ ಮಾಡಾವ. 1980ರ 'ಏರ್‌ಪ್ಲೇನ್!'ದಾಗ ಡಾಕ್ಟರ್ ಆಗಿ ಅದೇ ಗಂಭೀರ ಮಾರಿ ಇಟ್ಕೊಂಡು ತಲಿಕೆಟ್ಟ ಮಾತಾಡ್ತಾನ. ಕಣ್ಣು ಸೈತ ಮಿಟಕ್ಸಂಗಿಲ್ಲ!

ಯಾದಗಿರಿ ಅಕ್ಕ: ಹೂಸಿನ ಜೋಕಿಗಿ ಅಮೆರಿಕಾ ಏನು, ಯಾದಗಿರಿ ಏನು ತಮ್ಮಾ? ನಮ್ಮ ಮನ್ಯಾಗ ಮುತ್ಯಾನೇ ಮೊದಲ ನಗ್ತಾನ. ಆದ್ರ 'ಡಂಬ್ ಅಂಡ್ ಡಂಬರ್'ದ 2014ರ ಎರಡನೇ ಭಾಗ ನೋಡಬ್ಯಾಡ, ಬರೇ ಬ್ಯಾಸ್ರ.

ಕಲಬುರಗಿ ಮಂದಿ: ಅಕ್ಕಾ, ಈಗ ಅದೇ ಹಚ್ಚೀನಿ.